ಎಡಗೈಯ ಬೀಡಿ

ಬಿಚ್ಚಬೇಕಾಗಿದ್ದನ್ನು ನಾನು ಬಿಚ್ಚಲಿಲ್ಲ, ಹೇಳಬೇಕಾಗಿದ್ದನ್ನು ಹೇಳಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಸುತ್ತಿ ಬಳಸಿ ಬರೆಯಲು ನನಗೆ ಬಾರದು. ಮೊನ್ನೆ ಬೆಳ್ತಂಗಡಿಗೆ ಹೋಗುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಮುದುಕಿಯ ಚೀಲದಿಂದ ನೀರು ಚಿಮುಕಿಸಿಟ್ಟ ಬೀಡಿ ಎಲೆಯ ವಾಸನೆ ಬಂತು. ಒದ್ದೆ ಗೋಣಿಯ ಹಾಗೆ, ಅದರ ಒಳಗಿಂದ ಮೂಗು ಸುಡುವ ಹೊಗೆಸೊಪ್ಪಿನ ಘಾಟು. ಬೇರೆಯವರು ಮುಖ ತಿರುಗಿಸಿದರು. ಆ ವಾಸನೆಯಲ್ಲಿ ಬೆಳೆದವರಿಗೆ ಅದು ಮನೆಯ ವಾಸನೆ. ನಿಮ್ಮಲ್ಲಿ ಕೆಲವರಿಗಾದರೂ ಅದು ಗೊತ್ತಿರಬಹುದು, ಆ ಮನೆಗಳೂ ಈಗ ಇಲ್ಲದಿರಬಹುದು.

ಬೆಳುವಾಯಿಯಲ್ಲಿ ಮುರಕಲ್ಲಿನ ಗುಡ್ಡದ ಬದಿಗೆ ನಮ್ಮ ಮನೆ ಇತ್ತು. ಎರಡು ಕೋಣೆ, ಒಂದು ಜಗಲಿ, ತಲೆ ತಗ್ಗಿಸಿ ಕೂರಬೇಕಾದ ಒಂದು ಅಟ್ಟ. ಅಪ್ಪ ಇರಲಿಲ್ಲ. ಅಮ್ಮ, ಅಣ್ಣ, ನಾನು ಮೂವರೂ ತೊಡೆಯ ಮೇಲೆ ಬಿದಿರ ತಟ್ಟೆಯಂಥ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದೆವು. ಕತ್ತರಿಯ ಸದ್ದು, ಅಮ್ಮನ ಮಾತು, ಮತ್ತೆ ಕತ್ತರಿಯ ಸದ್ದು. ಅಮ್ಮನಿಗೆ ಮಾತು ಬಹಳ. ನೀರಿಗೆಂದು ಬಾವಿಕಟ್ಟೆಗೆ ಹೋದರೆ ಕೊಡಪಾನ ತುಂಬಿ ಎಷ್ಟೋ ಹೊತ್ತಾದ ಮೇಲೆ, ಅಲ್ಲಿಯ ನಗುವನ್ನೂ ಹೊತ್ತುಕೊಂಡು ಬರುವವಳು. ಅಣ್ಣ ಎಡಗೈಯವನು. ಎಲೆಯನ್ನು ನಾವು ಸುತ್ತುವುದು ಒಂದು ದಿಕ್ಕಿಗಾದರೆ ಅವನದು ಅದಕ್ಕೆ ಎದುರು ದಿಕ್ಕಿಗೆ. ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಚೆಕ್ಕರ್ ದೂಮಣ್ಣ ಅವನ ಬೀಡಿಯನ್ನು ಬೆರಳಿನಲ್ಲಿ ಸವರಿಯೇ ಗುರುತು ಹಿಡಿದು, ಇದು ಎಡಗೈ ಸಾಹುಕಾರನದ್ದು ಎಂದು ತಮಾಷೆ ಮಾಡುತ್ತಿದ್ದರು.

ಮುಂದೆ ಅಣ್ಣ ಬಂಟ್ವಾಳದ ಪೇಟೆಯಲ್ಲಿ ಕೆಲಸಕ್ಕೆ ಸೇರಿದ. ತುರ್ತು ಪರಿಸ್ಥಿತಿ ಬಂದಾಗ, ಸರಕಾರದ ವಿರುದ್ಧ ಗುಟ್ಟಾಗಿ ಕಾಗದ ಹಂಚುವವರ ಜೊತೆ ಸೇರಿಕೊಂಡ. ಬೀಡಿ ಎಲೆಯ ಕಟ್ಟಿನ ನಡುವೆ ಆ ಕಾಗದಗಳು ಊರಿಂದ ಊರಿಗೆ ಹೋಗುತ್ತಿದ್ದವಂತೆ. ಜೊತೆಯವರನ್ನು ಪೊಲೀಸರು ಹಿಡಿದ ಮೇಲೆ ಪೊಳಲಿಯ ಕಡೆಯಿಂದ ಹೊಳೆ ದಾಟಿ, ನಡೆದೇ ಬಂದು, ಒಂದು ಮಧ್ಯಾಹ್ನ ನಮ್ಮ ಹಿತ್ತಿಲ ಬಾಗಿಲಲ್ಲಿ ನಿಂತ. ಅಂದಿನಿಂದ ಅವನ ವಾಸ ಅಟ್ಟದಲ್ಲಿ. ಆ ಕಾಲದಲ್ಲಿ ಬಸ್ಸಿನಲ್ಲಾಗಲಿ ಹೋಟೆಲಿನಲ್ಲಾಗಲಿ ಜನ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಪೊಲೀಸರು ಒಮ್ಮೆ ವಿಚಾರಿಸಲು ಬಂದರು. ಅಮ್ಮ ಅವರಿಗೆ ಬೆಲ್ಲ ನೀರು ಕೊಟ್ಟು, ಮಗ ಬೊಂಬಾಯಿಗೆ ಹೋದವನು ಒಂದು ಕಾಗದವನ್ನೂ ಹಾಕಿಲ್ಲ ಎಂದು ಅವರ ಎದುರಿಗೇ ಅವನನ್ನು ಬೈದಳು. ಅವರು ಹೋದ ಮೇಲೆ ಹಿತ್ತಿಲ ಬಾಗಿಲಿಗೆ ಅಗುಳಿ ಹಾಕಿದಳು. ಬಾವಿಕಟ್ಟೆಯಲ್ಲಿ ಮೊದಲಿನ ಹಾಗೆಯೇ ನಗುತ್ತಿದ್ದಳು, ನಗದಿದ್ದರೆ ಸಂಶಯ ಬರುತ್ತದೆ ಎಂದು.

ಅಟ್ಟದಲ್ಲಿ ಅಣ್ಣನ ಕೈ ಸುಮ್ಮನಿರಲಿಲ್ಲ. ತನಗೂ ಒಂದು ಗೆರಸೆ ಕೊಡಿ, ಕೂತು ಉಣ್ಣುವುದಕ್ಕೆ ನಾಚಿಕೆಯಾಗುತ್ತದೆ ಎಂದ. ಬೇಡ ಎನ್ನಲು ಅಮ್ಮನಿಗೆ ಮನಸ್ಸು ಬರಲಿಲ್ಲ. ಅವನು ಕಟ್ಟಿ ಕೆಳಗೆ ಕೊಟ್ಟದ್ದನ್ನು ನನ್ನ ಮುಂದೆ ಸುರಿದು ಅಮ್ಮ ಪಿಸುಗುಟ್ಟಿದಳು, "ಎಲ್ಲ ಬಿಚ್ಚಿ ನಿನ್ನ ಕೈಯಲ್ಲಿ ಇನ್ನೊಮ್ಮೆ ಕಟ್ಟು. ಬ್ರಾಂಚಿನಲ್ಲಿ ಅವನ ಕೈ ಗೊತ್ತುಂಟು. ಅವನಿಗೆ ಹೇಳಬೇಡ, ಬೇಜಾರು ಮಾಡ್ತಾನೆ." ಹಾಗೆ ದಿನಾ ಅವನು ಮೇಲೆ ಕಟ್ಟುವುದು, ನಾನು ಕೆಳಗೆ ಬಿಚ್ಚುವುದು. ಬಿಚ್ಚಿದರೆ ಎಲೆ ಹರಿಯುತ್ತದೆ, ಹೊಗೆಸೊಪ್ಪು ಚೆಲ್ಲುತ್ತದೆ, ಉಗುರಿನ ಸಂದಿ ಉರಿಯುತ್ತದೆ. ನನಗೆ ಹದಿಮೂರೋ ಹದಿನಾಲ್ಕೋ ವಯಸ್ಸು. ಒಂದೇ ಕೆಲಸವನ್ನು ಎರಡು ಸಲ ಮಾಡಿ ಮಾಡಿ ಬೆನ್ನು ಸೋತಿತ್ತು.

ಒಂದು ದಿನ ಅಮ್ಮ ಕಟ್ಟಿಗೆಗೆ ಹೋಗಿದ್ದಳು. ಅಣ್ಣನ ಬೀಡಿಗಳನ್ನು ಬಿಚ್ಚದೆ ನನ್ನವುಗಳ ನಡುವೆ ಸೇರಿಸಿ ಕಟ್ಟು ಹಾಕಿಬಿಟ್ಟೆ. ಒಂದು ದಿನ ತಾನೇ ಎಂದುಕೊಂಡೆ. ಆಮೇಲೆ ಜಗಲಿಯಲ್ಲಿ ಕಾಲು ಚಾಚಿ ಮಲಗಿದ್ದು, ಬೆನ್ನಿಗೆ ತಣ್ಣಗಾದದ್ದು ಇಂದಿಗೂ ನೆನಪುಂಟು.

ಬ್ರಾಂಚಿನಲ್ಲಿ ದೂಮಣ್ಣ ಒಂದು ಕಟ್ಟನ್ನು ಕೈಯಲ್ಲಿ ಹಿಡಿದು ಬೆರಳಿನಲ್ಲಿ ಸವರಿದರು. ಕೆಟ್ಟವರಲ್ಲ ಅವರು. ಹಳೆಯ ತಮಾಷೆ ಬಾಯಿಗೆ ಬಂತು, ಅಷ್ಟೆ.

"ಏನು ಮಾರಾಯ್ತಿ, ಸಾಹುಕಾರರು ಬೊಂಬಾಯಿಯಿಂದ ಬಂದ್ರಾ?"

ಸಾಲಿನಲ್ಲಿದ್ದ ಹೆಂಗಸರು ನಕ್ಕರು. ನನ್ನ ಮುಖ ನೋಡಿ ದೂಮಣ್ಣ ಕಟ್ಟನ್ನು ಬೇಗ ಕೆಳಗಿಟ್ಟರು. ಹೊರಗೆ ಬೆಂಚಿನಲ್ಲಿ ಚಾ ಕುಡಿಯುತ್ತಿದ್ದವರಲ್ಲಿ ಒಬ್ಬ ತಿರುಗಿ ನೋಡಿದ. ಮನೆಗೆ ಓಡಿಬಂದು ಅದನ್ನು ಹೇಳಿದ್ದರೆ ಅಣ್ಣ ಗುಡ್ಡ ಹತ್ತಿ ಹೋಗಿಬಿಡುತ್ತಿದ್ದ. ಅಮ್ಮನ ಬೈಗುಳಕ್ಕೆ ಹೆದರಿ ನಾನು ಬಾಯಿ ಬಿಡಲಿಲ್ಲ. ಮಾರನೆಯ ಬೆಳಿಗ್ಗೆ ಜೀಪು ಬಂತು. ಬಂದವರು ಮನೆ ಹುಡುಕಲಿಲ್ಲ, ನೇರ ಅಟ್ಟಕ್ಕೆ ಏಣಿ ಇಟ್ಟರು.

ಜೈಲಿನಿಂದ ಬಂದ ಅಣ್ಣನ ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಅದು ಠಾಣೆಯಲ್ಲಿ ಆದದ್ದು. ಒಂದು ದಿನ ಊಟದ ನಡುವೆ ಕೇಳಿದ, "ಅಮ್ಮ, ನೀನು ಯಾರ ಹತ್ರ ಹೇಳಿದ್ದು?" ಅಮ್ಮ ಬಡಿಸುವ ಸೌಟನ್ನು ಹಿಡಿದುಕೊಂಡೇ ತುಂಬಾ ಹೊತ್ತು ಯೋಚಿಸಿದಳು. "ಗೊತ್ತಾಗುವುದಿಲ್ಲ ಮಗ. ಬಾವಿಕಟ್ಟೆಯಲ್ಲಿ ಎಲ್ಲಿಯಾದರೂ ಬಾಯಿ ತಪ್ಪಿರಬೇಕು." ನಾನು ಪಕ್ಕದಲ್ಲೇ ಕೂತು ಗಂಜಿ ಉಣ್ಣುತ್ತಿದ್ದೆ. ಉಂಡು ಎದ್ದು ಕೈ ತೊಳೆದೆ.

ಆಮೇಲೆ ಅಮ್ಮ ನೀರಿಗೆ ಹೋದಷ್ಟೇ ಬೇಗ ತಿರುಗಿ ಬರತೊಡಗಿದಳು. ಅಣ್ಣ ಬೆಳ್ತಂಗಡಿಯಲ್ಲಿ ಅಂಗಡಿ ಹಾಕಿದ, ಅಲ್ಲೇ ಸಂಸಾರ ಮಾಡಿದ, ಹಬ್ಬಕ್ಕೆ ಬಂದರೆ ಜಗಲಿಯಲ್ಲಿ ಕೂತು ಹೋಗುವವನು. ಎಂಬತ್ತರ ದಶಕದಲ್ಲಿ ನಮ್ಮ ಮನೆಯಲ್ಲಿ ಕತ್ತರಿಯ ಸದ್ದು ಮಾತ್ರ ಉಳಿದಿತ್ತು. ಅಮ್ಮ ತೀರುವ ಮೊದಲು, ತಾನು ಹೇಳಿದ್ದು ಯಾರ ಹತ್ತಿರ ಎಂದು ನೆನಪೇ ಆಗುವುದಿಲ್ಲವಲ್ಲ ಎಂದು ನನ್ನ ಕೈ ಹಿಡಿದು ಹೇಳಿದ್ದಳು. ಆಗಲೂ ನಾನು ಸುಮ್ಮನಿದ್ದೆ.

ಮೊನ್ನೆ ಆ ಬಸ್ಸಿನಿಂದ ಇಳಿದು ಅಣ್ಣನ ಮನೆಗೆ ಹೋದೆ. ಅತ್ತಿಗೆ ಚಾ ಮಾಡಲು ಒಳಗೆ ಹೋದಳು. ನಿಂತಲ್ಲೇ ಎಲ್ಲ ಹೇಳಿದೆ. ಅಣ್ಣ ತನ್ನ ಎಡಗೈಯ ಮಡಚದ ಬೆರಳುಗಳನ್ನು ಬಲಗೈಯಲ್ಲಿ ಸವರಿದ. ಆಮೇಲೆ ಕೇಳಿದ, "ಅಮ್ಮ ದಿನಾ ಬಿಚ್ಚಿಸ್ತಿದ್ದಳಾ?"

"ದಿನಾ ಅಣ್ಣ. ಅವಳು ಯಾರ ಹತ್ರವೂ ಹೇಳಲಿಲ್ಲ. ನನ್ನಿಂದ ಆದದ್ದು. ತಪ್ಪಾಯ್ತು ಅಣ್ಣ, ನಿನಗೂ, ಅವಳಿಗೂ."