ಪೈಪು ಹಾಪರ್ ಕೂಡೋ ಗೆರಿ

ಎಂಬತ್ತರ ದಶಕ ಮುಗಿಯಾಕ ಬಂದಿತ್ತು. ಕೊಟ್ಟೂರಾಗ ಒಂದು ತಗಡಿನ ವರ್ಕ್‌ಶಾಪು, ಅದರಾಗ ನಕ್ಷೆ ಬರಿಯಾವ ನಾನು. ಮನಿ ಕೂಡ್ಲಿಗ್ಯಾಗ. ಸುತ್ತಲಿನ ಶೇಂಗಾ ಮಿಲ್ಲಿನವ್ರಿಗೆ ಕಾಳು ಸುರಿಯೋ ಹಾಪರ್ ಮಾಡಿಕೊಡ್ತಿದ್ವಿ. ಮ್ಯಾಲೆ ಅಗಲ, ಕೆಳಗ ಸಣ್ಣ, ದೊಡ್ಡ ಆಲಿಕಿ ಇದ್ದಂಗ. ಅದರ ಪಕ್ಕಕ್ಕ ಒಂದು ಪೈಪು ಓರಿಯಾಗಿ ಬಂದು ಕೂಡಬೇಕು. ಕೂಡೋ ಜಾಗದಾಗ ಒಂದು ಗೆರಿ ಹುಟ್ಟತೈತಿ ನೋಡ್ರಿ, ಅದು ದುಂಡಗೂ ಇರಂಗಿಲ್ಲ, ನೆಟ್ಟಗೂ ಇರಂಗಿಲ್ಲ. ಆ ಹಾಳಾದ ಗೆರಿ ನನ್ನ ಜೀವ ತಿಂತು.

ಹಾಳಿ ಮ್ಯಾಲೆ ಪೈಪಿನ ಸುತ್ತ ಉದ್ದುದ್ದ ಗೀಟು ಹಾಕಿ, ಒಂದೊಂದು ಗೀಟೂ ಹಾಪರ್‌ಗೆ ಎಲ್ಲಿ ತಾಗತೈತಿ ಅಂತ ಹುಡುಕಿ, ಚುಕ್ಕಿಗೆ ಚುಕ್ಕಿ ಕೂಡಿಸಬೇಕು. ಕೂದಲಷ್ಟು ತಪ್ಪಿದ್ರ ಸಂದಿ ಬೀಳತೈತಿ, ಶೇಂಗಾ ಸೋರತೈತಿ, ಬೈಗುಳ ನನಗ. ಕಡೀ ಬಸ್ಸಿಗೆ ಮನಿ ಮುಟ್ಟೋದ್ರಾಗ ಮಗಳು ಮಲಗಿರ್ತಿದ್ಲು. ಭಾನುವಾರ ಒಂದು ಬಿಟ್ರ, ಬೆಳಿಗ್ಗೆ ಹೊರಡೋ ಮುಂದನೂ ಮಲಗೇ ಇರ್ತಿದ್ಲು. "ನಿದ್ದಿಗಣ್ಣಾಗರ ಅಪ್ಪ ಅನ್ನಿಸ್ಕೊಳ್ರಿ" ಅಂತ ನಮ್ಮಾಕಿ ಚುಚ್ಚತಿದ್ಲು. ನನಗ ಬೇಕಾಗಿದ್ದು ಇಷ್ಟ: ಹೊತ್ತು ಮುಳುಗೋದ್ರಾಗ ಮನಿ ಮುಟ್ಟಿ, ಆ ಕೂಸಿನ ಜೊತಿ ಕುಂತು ಉಣ್ಣೋದು.

ಅಂಥದ್ರಾಗ ನಮ್ಮ ಸಾವ್ಕಾರ್ರು ದಾವಣಗೆರಿಯಿಂದ ಒಂದು ಕಂಪ್ಯೂಟರ್ ತಂದ್ರು. ಕಾಯಿ ಒಡದು, ಪರದಿಗೆ ಕುಂಕುಮ ಹಚ್ಚಿ, "ತಮ್ಮಾ, ಇದಕ್ಕ ಆ ಗೆರಿ ಹಾಕೋದು ಕಲಸು. ಆಮ್ಯಾಲೆ ನೀ ಹೊತ್ತಿಗೆ ಸರಿಯಾಗಿ ಮನಿಗೆ ಹೋಗು" ಅಂದ್ರು. ಆ ಮಾತಿಗೆ ಮರುಳಾದೆ.

ಮಶೀನು ನೆಟ್ಟನ ಗೆರಿ, ವೃತ್ತ ತಾನ ಹಾಕ್ತಿತ್ತು. ಎರಡು ಮೈ ಕೂಡೋ ಗೆರಿ ಬೇಕಂದ್ರ ನಾವ ಪ್ರೋಗ್ರಾಂ ಬರದು ಹೇಳಬೇಕು. ಬರಿಯೋದೂ ಹೆಂಗ, ಕಂಸದಾಗ ಕಂಸ, ಅದರಾಗ ಮತ್ತೊಂದು ಕಂಸ. ಒಂದು ಮುಚ್ಚೋದು ಮರತ್ರ ಮಶೀನು ಗಪ್‌ಚಿಪ್. ಅಷ್ಟರಾಗ ಕರೆಂಟು ಹೋಗೋದು. ಬರದಿದ್ದೆಲ್ಲಾ ಹೊಳ್ಯಾಗ ಹುಣಸಿಹಣ್ಣು ತೊಳದಂಗ.

ಕಡೀಗೆ ಗೆರಿ ಮೂಡ್ತು. ಏನು ಗೆರಿ ಅಂತೀರಿ! ಆ ಕಡಿಗೊಮ್ಮೆ, ಈ ಕಡಿಗೊಮ್ಮೆ ಜಿಗೀತಿತ್ತು. ಎತ್ತು ಏರಿಗೆಳದ್ರ ಕ್ವಾಣ ನೀರಿಗೆಳೀತು ಅಂತಾರಲ್ಲ, ಹಂಗ. ಪೈಪಿನ ಗೀಟು ಮುಂದಕ್ಕ ಎಳದ್ರ ಹಾಪರ್‌ಗೆ ಎರಡು ಕಡಿ ತಾಗತೈತಿ: ಒಳಗ ಹೋಗೋ ಕಡಿ ಒಂದು, ಆಚಿ ಹೊರಬೀಳೋ ಕಡಿ ಒಂದು. ಲೆಕ್ಕಕ್ಕ ಎರಡೂ ಉತ್ತರ ಖರೇನ. ಯಾವುದು ಬೇಕು ಅನ್ನೋದು ಮಶೀನಿಗೆ ಏನು ಗೊತ್ತು, ಅದರ ತಲಿ! ಹಿಂದಿನ ಚುಕ್ಕಿಗೆ ಯಾವುದು ಹತ್ತಿರ ಐತೋ ಅದನ್ನ ಹಿಡಿಯಲೇ ಅಂತ ಒಂದು ಸಾಲು ಸೇರಿಸಿದೆ. ಆ ಬುದ್ಧಿ ಬರೋದ್ರಾಗ ಬ್ಯಾಸಗಿ ಕಳದು ಮಳಿಗಾಲ ಬಂದಿತ್ತು. ಗೆರಿ ಎಲ್ಲೂ ಮುರೀದಂಗ ಸುತ್ತಿ ಬಂದು ಕೂಡ್ತು. ಪ್ರಿಂಟರಿನ ಹಾಳಿ ಅಂಟಿಸಿ, ತಗಡಿಗೆ ಹಚ್ಚಿ ಕತ್ತರಿಸಿದ್ರು; ಪೈಪು ಸಂದಿಲ್ಲದಂಗ ಕುಂತಿತು. ಖುಷಿ ಪಡಾಕೂ ನನಗ ತ್ರಾಣ ಇರಲಿಲ್ಲ.

ಅವತ್ತು ಬಿಸಲು ಇರೋವಾಗಲೇ ಬಸ್ಸು ಹತ್ತಿದೆ. ಮಗಳು ಹೊಸ್ತಿಲದಾಗ ಆಡ್ತಿದ್ಲು. ನನ್ನ ನೋಡಿದಾಕಿನ ಒಳಗ ಓಡಿ, "ಯವ್ವಾ, ಇವತ್ತು ಭಾನುವಾರೇನು? ಅಪ್ಪ ಬಂದಾನ!" ಅಂದ್ಲು. ನಮ್ಮಾಕಿ ನಕ್ಕಳು. ನಾ ಮಗಳನ್ನ ಎತ್ತಿಕೊಂಡೆ. "ಹೂಂ ಬಂಗಾರಿ, ಇನ್ಮ್ಯಾಲೆ ದಿನಾ ಭಾನುವಾರನ" ಅಂದೆ. ಒಂದ ತಾಟಿನ್ಯಾಗ ರೊಟ್ಟಿ ಮುರಕೊಂಡು ಉಂಡ್ವಿ.

ಮರುದಿನ ಹೋದ್ರ, ಸಾವ್ಕಾರ್ರು ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಮಿಲ್ಲಿನವ್ರಿಗೆಲ್ಲಾ ಹಾಪರ್ ಮಾಡಿಕೊಡ್ತೀವಂತ ಮಾತು ಕೊಟ್ಟು ಬಂದಿದ್ರು.

"ಗೆರಿ ಈಗ ಚಿಟಿಕಿ ಹೊಡಿಯೋದ್ರಾಗ ಬರ್ತೈತಲ್ಲ, ತಮ್ಮಾ!"

"ಮತ್ತ ನಾ ಹೊತ್ತಿಗೆ ಮನಿಗೆ ಹೋಗೋ ಮಾತು, ಸಾವ್ಕಾರ್ರ?"

"ಹೋಗುವಿಯಂತ. ಇದೊಂದಿಷ್ಟು ಮುಗೀಲಿ."

ಸಿಟ್ಟು ನೆತ್ತಿಗೇರಿತ್ತು. ಆದ್ರೂ ಮಶೀನು ಹಚ್ಚಿ ಕುಂತೆ. ಆ ವಾರ ಕಡೀ ಬಸ್ಸೂ ತಪ್ಪಿ ವರ್ಕ್‌ಶಾಪಿನಾಗ ಮಲಗಿದೆ. ಭಾನುವಾರನೂ ಕೊಟ್ಟೂರಾಗ ಇದ್ದೆ. ಅವತ್ತು ಮಗಳು ಸಂಜಿತನಕ ಹೊಸ್ತಿಲ ಬಿಟ್ಟು ಏಳಲಿಲ್ಲಂತ. "ಇವತ್ತು ಭಾನುವಾರ ಅಲ್ಲೇನವ್ವಾ?" ಅಂತ ಕೇಳಿದ್ದ ಕೇಳಿದ್ದು. ಸಾಕಾಗಿ ನಮ್ಮಾಕಿ, "ಅಲ್ಲವ್ವಾ, ಸೋಮವಾರ" ಅಂದು ಮಲಗಿಸಿದ್ಲಂತ.