ಕೊನೆಯ ಡಬ್ಬಿಯ ಸೀಟಿ

ಮೆಟ್ಟಿಲು ಗಲ್ಲಿಯ ಮೇಲಿನ ತುದಿಗೆ ಬಂದು ನಿಂತಾಗ, ಜನರಿಗೆ ಊರು ತೋರಿಸುತ್ತ ಗಲ್ಲಿ ಅಕ್ಕ ಎಂದೇ ಹೆಸರಾದವಳ ಬಾಯಿ ಮುಂದಿದ್ದವರ ಜೊತೆ ಮಾತಾಡುತ್ತಿತ್ತು, ಕಿವಿ ಮಾತ್ರ ಹಿಂದಕ್ಕೇ ಇತ್ತು. ಕೆಳಗಿನಿಂದ ಸೀಟಿ ಕೇಳಿಸಬೇಕಿತ್ತು. ಕೇಳಿಸಲಿಲ್ಲ.

ಊರು ನೋಡಲು ಬಂದವರು ಅರಮನೆ, ಗಡಿಯಾರದ ಗೋಪುರ ನೋಡಿ ಹೊರಟುಬಿಡುತ್ತಾರೆ ಎಂಬುದು ಅಕ್ಕನ ಹಳೆಯ ಸಿಟ್ಟು. ಹಿತ್ತಲ ಗಿಡ ಮದ್ದಲ್ಲ. ಇಲ್ಲೇ ಹುಟ್ಟಿ ಬೆಳೆದವರೂ ಪಕ್ಕದ ಬಡಾವಣೆಯ ಪಾರ್ಕಿಗೆ ಕಾಲಿಟ್ಟಿರುವುದಿಲ್ಲ. ಹಾಗಾಗಿ ಶಾಲೆಯಲ್ಲಿ ಪಾಠ ಹೇಳುವ ಕೆಲಸದಿಂದ ನಿವೃತ್ತಳಾದ ಮೇಲೆ ಆಕೆ ರಜೆಯ ದಿನ ಜನರನ್ನು ಕಟ್ಟಿಕೊಂಡು ಹೊರಡತೊಡಗಿದಳು. ಸಸಿ ಬೆಳೆಸುವ ಪಾರ್ಕು, ತಕ್ಕಡಿ ರಿಪೇರಿಯ ಬೀದಿ, ಬೆಕ್ಕುಗಳೇ ಯಜಮಾನಿಕೆ ಮಾಡುವ ಮೆಟ್ಟಿಲು ಗಲ್ಲಿ, ಅದರ ತುದಿಗೆ ನೀರಿನ ಟ್ಯಾಂಕಿನ ಪಾರ್ಕು. ಸಾಲಿನ ಮುಂದೆ ಆಕೆ, ಹಿಂದೆ ಆಕೆಯ ಗಂಡ. ಗಲ್ಲಿಯವರಿಗೆಲ್ಲ ಅವರು ಭಾವ.

ಭಾವ ಗೂಡ್ಸ್ ರೈಲಿನ ಗಾರ್ಡ್ ಆಗಿದ್ದವರು. ಜೀವಮಾನವೆಲ್ಲ ಕೊನೆಯ ಡಬ್ಬಿಯಲ್ಲಿ ಕೂತು ಬಂದ ಮನುಷ್ಯ, ನಿವೃತ್ತಿಯಾದ ಮೇಲೂ ಸಾಲಿನ ಕೊನೆಯನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಪ್ರತಿ ತಿರುವಿನಲ್ಲೂ ಎಲ್ಲರೂ ದಾಟಿದ ಮೇಲೆ ಸೀಟಿ ಊದುತ್ತಿದ್ದರು. "ಗಾರ್ಡ್ ಸೀಟಿ ಊದದೆ ಗಾಡಿ ಅಲ್ಲಾಡಬಾರ್ದು" ಅನ್ನುತ್ತಿದ್ದರು. ಅಕ್ಕ ನಗುತ್ತಿದ್ದಳು. ಆದರೂ ಸೀಟಿ ಕೇಳದೆ ಹೆಜ್ಜೆ ಎತ್ತುತ್ತಿರಲಿಲ್ಲ.

ಆ ವಾರ ಭಾವನಿಗೆ ಎದೆ ಹಿಡಿದಂತಾಗಿತ್ತು. ಪರೀಕ್ಷೆ ಮುಗಿಯುವ ತನಕ ಮೆಟ್ಟಿಲು ಹತ್ತಬೇಡಿ ಎಂದು ಡಾಕ್ಟರು ಹೇಳಿದ್ದರು.

"ಮನೇಲಿರ್ರೀ, ನಿಮ್ಮ ದಮ್ಮಯ್ಯ."

"ಗಾರ್ಡ್ ಇಲ್ಲದ ಗಾಡಿ ಎಲ್ಲಾದ್ರೂ ಇದ್ಯೇನೆ?"

ಕೊನೆಗೆ ಮೆಟ್ಟಿಲ ಬುಡದ ಕಟ್ಟೆಯ ಮೇಲೆ ಕೂತು ಅಲ್ಲಿಂದಲೇ ಊದುವುದಾಗಿ ಒಪ್ಪಿಕೊಂಡು ಬಂದಿದ್ದರು.

ಈಗ ಆ ಸೀಟಿಯೇ ಇಲ್ಲ. ಅಕ್ಕ ಹೇಳುತ್ತಿದ್ದ, ಟ್ಯಾಂಕು ಕಟ್ಟಿದ ಮೇಸ್ತ್ರಿಯ ಕಥೆ ಅರ್ಧಕ್ಕೇ ನಿಂತಿತು. "ಯಾರೂ ಅಲ್ಲಾಡ್ಬೇಡಿ, ಬಂದೆ" ಎಂದವಳೇ ಕೆಳಕ್ಕೆ ಓಡಿದಳು. ಮೊಣಕಾಲು ನೋವೆಂದು ಪ್ರತಿ ಸಲ ಗೋಡೆ ಹಿಡಿದು ಇಳಿಯುತ್ತಿದ್ದವಳು ಅವಳು.

ಕಟ್ಟೆ ಖಾಲಿ. ಅವರ ನೀರಿನ ಬಾಟಲಿ ಮಾತ್ರ ಮುಚ್ಚಳ ತೆಗೆದದ್ದು ತೆಗೆದಂತೆಯೇ ಇತ್ತು.

"ನಿಮ್ಮ ಭಾವನ್ನ ನೋಡಿದ್ರೇನ್ರೀ?" ಎಂದು ಇಸ್ತ್ರಿ ಗಾಡಿಯವನನ್ನು ಕೇಳಿದಳು.

"ಈಗ ಇಲ್ಲೇ ಕೂತಿದ್ರಲ್ಲಕ್ಕಾ! ಒಂದು ಷರ್ಟು ಮಡಿಸೋದ್ರಲ್ಲಿ ಇಲ್ಲ ನೋಡಿ."

ಕಣ್ಣು ಕಟ್ಟಿ ಬಿಟ್ಟರೂ ನಡೆದೇನು ಎಂದು ಜಂಬ ಕೊಚ್ಚುತ್ತಿದ್ದ ಗಲ್ಲಿಯಲ್ಲೇ ಅಕ್ಕನಿಗೆ ಎಡ ಯಾವುದು, ಬಲ ಯಾವುದು ತಿಳಿಯಲಿಲ್ಲ. ದೇವರೇ, ನನ್ನ ಕಥೆ ಹೇಳುವ ಚಪಲಕ್ಕೆ ಇವರನ್ನು ಎಳೆದುಕೊಂಡು ಬಂದೆನಲ್ಲ ಎಂದು ಒಳಗೊಳಗೇ ಅತ್ತಳು. ತಕ್ಕಡಿ ಅಂಗಡಿಗೆ ಇಣುಕಿದಳು, ಅಲ್ಲಿಲ್ಲ. ಪಕ್ಕದ ಕ್ಷೌರದಂಗಡಿಯ ಬಾಗಿಲು ಅರ್ಧ ತೆರೆದಿತ್ತು.

ಒಳಗೆ ಕುರ್ಚಿಯನ್ನು ಹಿಂದಕ್ಕೆ ಬಾಗಿಸಲಾಗಿತ್ತು. ಕಾಲಿನಿಂದ ಕತ್ತಿನವರೆಗೆ ಬಿಳಿ ಬಟ್ಟೆ. ಬಟ್ಟೆಯ ತುದಿಗೆ ಭಾವನ ಮುಖ, ಕಣ್ಣು ಮುಚ್ಚಿದೆ.

ಅಕ್ಕ ಹೊಸ್ತಿಲಲ್ಲೇ ಕುಸಿದಳು.

"ಅಯ್ಯೋ ಅಕ್ಕಾ, ಇದ್ದಾರೆ, ಇದ್ದಾರೆ!" ಅಂಗಡಿಯವನು ಓಡಿ ಬಂದ. "ಬಾಗಿಲ ಹತ್ರ ಬಂದು ಎದೆ ಹಿಡ್ಕೊಂಡ್ರು. ಬೆವರಿ ನಡುಗ್ತಿದ್ರು, ಹೊದಿಸೋಕೆ ಇದೇ ಕೈಗೆ ಸಿಕ್ಕಿದ್ದು. ಆಂಬುಲೆನ್ಸಿಗೆ ಫೋನ್ ಮಾಡಿದೀನಿ."

ಬಟ್ಟೆ ಅಲುಗಿತು. ಅದರಡಿಯಿಂದ ಬಿಗಿಮುಷ್ಟಿಯೊಂದು ಹೊರಬಂತು. ಮುಷ್ಟಿಯೊಳಗೆ ಸೀಟಿ.

"ಊದಿದೆ ಕಣೆ," ಅಂದರು ಭಾವ, "ಉಸಿರು ಸಾಲ್ಲಿಲ್ಲ."

ಆಸ್ಪತ್ರೆಗೆ ಹೊತ್ತಿಗೆ ಸರಿಯಾಗಿ ತಲುಪಿದರು, ಜೀವ ಉಳಿಯಿತು. ಪಾರ್ಕಿನಲ್ಲಿದ್ದವರು, ಪಾಪ, ಅಕ್ಕನ ಮಾತಿಗೆ ಬೆಲೆ ಕೊಟ್ಟು, ಇಸ್ತ್ರಿಯವನು ಹೋಗಿ ಸುದ್ದಿ ಹೇಳುವ ತನಕ ನಿಂತಲ್ಲೇ ನಿಂತಿದ್ದರಂತೆ.

ಈಗ ಮತ್ತೆ ನಡಿಗೆ ಶುರುವಾಗಿದೆ, ಡಾಕ್ಟರು ಒಪ್ಪಿದಷ್ಟು, ಸಮತಟ್ಟಾದ ಬೀದಿಗಳಲ್ಲಿ ಮಾತ್ರ. ಮುಂದೆ ಭಾವ. ಅವರು ಹೇಳುವ ಕಥೆಗೆ ತಲೆಯೂ ಇಲ್ಲ ಬಾಲವೂ ಇಲ್ಲ. ಟ್ಯಾಂಕಿನ ಮೇಸ್ತ್ರಿಯನ್ನು ತಕ್ಕಡಿ ಬೀದಿಗೆ ತಂದು ಕೂರಿಸುತ್ತಾರೆ. ಅಕ್ಕ ತಿದ್ದುವುದಿಲ್ಲ. ಅವಳು ಸಾಲಿನ ಕೊನೆಯಲ್ಲಿ, ಕೊರಳಲ್ಲಿ ಸೀಟಿ ಹಾಕಿಕೊಂಡು, ಅವರ ಅಂಗಿಯ ಬೆನ್ನನ್ನೇ ನೋಡುತ್ತ ನಡೆಯುತ್ತಾಳೆ. ತಿರುವು ಬಂತೆಂದರೆ ಆ ಬೆನ್ನು ಮರೆಯಾಗುತ್ತದೆ. ಅವಳ ಜೀವ ಬಾಯಿಗೆ ಬರುತ್ತದೆ. ಇನ್ನೂ ಅರ್ಧ ಜನ ದಾಟಿರುವುದಿಲ್ಲ, ಊದಿಬಿಡುತ್ತಾಳೆ.

ಗಾರ್ಡಿನ ನಿಯಮದ ಪ್ರಕಾರ ಅದು ತಪ್ಪು. ಭಾವ ಬೈಯುವುದಿಲ್ಲ. ಗೋಡೆಯ ಆಚೆಯಿಂದ ಅವರ ದನಿ ಬರುತ್ತದೆ: "ಇದ್ದೀನಿ ಕಣೆ, ಬಾ."