ಹಿಮಾಯತ್‌ನಗರದಲ್ಲಿ ತುಂಬಿದ ಉಡಿ

ಹುಬ್ಬಳ್ಳಿಯಿಂದ ಸಂಜೆ ಹೊರಟ ಬಸ್ಸು ನನ್ನನ್ನೂ ಅಣ್ಣನ ಮಗಳು ಸವಿತಾಳನ್ನೂ ಬೆಳಗಿನ ಹೊತ್ತಿಗೆ ಹೈದರಾಬಾದಿನಲ್ಲಿ ಇಳಿಸಿತು. ನಮ್ಮ ಜೊತೆಗೆ ಒಂದು ಟ್ರಂಕು, ಸುತ್ತಿ ಕಟ್ಟಿದ ಹಾಸಿಗೆ. ಆಟೋದವನು ನಮ್ಮನ್ನು ನೋಡಿದ್ದೇ ತಡ, ಇಂಗ್ಲಿಷಿನಲ್ಲಿ ದುಪ್ಪಟ್ಟು ಬಾಡಿಗೆ ಹೇಳಿದ. ನಾನು ಹಿಂದಿಯಲ್ಲಿ ಜಗಳ ತೆಗೆದ ಮೇಲೆ ನಕ್ಕು ಅರ್ಧಕ್ಕೆ ಒಪ್ಪಿದ. ಹಿಮಾಯತ್‌ನಗರ ಬರುವವರೆಗೂ ಕನ್ನಡಿಯಲ್ಲಿ ನಮ್ಮನ್ನೇ ನೋಡುತ್ತಿದ್ದ.

ನಾವು ಹಳಿಯಾಳದ ಕಡೆಯ ಸಿದ್ದಿಗಳು. ನಮ್ಮ ಹಿರಿಯರನ್ನು ಯಾವ ಕಾಲದಲ್ಲೋ ಆಫ್ರಿಕಾದಿಂದ ಹಡಗಿನಲ್ಲಿ ತಂದಿಳಿಸಿದರಂತೆ. ತಲೆಮಾರುಗಳಿಂದ ನಮ್ಮ ಮನೆ ಇಲ್ಲೇ, ಮಾತು ಇಲ್ಲಿಯದೇ. ಆದರೂ ನಮ್ಮ ಕೂದಲು, ಮೈಬಣ್ಣ ಕಂಡವರಿಗೆ ನಾವು ನಿನ್ನೆ ಬಂದಿಳಿದವರು. ಸವಿತಾಳಿಗೆ ಅಬಿಡ್ಸ್ ಹತ್ತಿರದ ಒಂದು ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಹಿಂದೊಮ್ಮೆ ಅವಳು ತನ್ನ ಅಪ್ಪನ ಜೊತೆ ಬಂದು ಕೋಣೆ ಹುಡುಕಿದಾಗ ಮುಖ ನೋಡಿಯೇ ಬಾಗಿಲು ಹಾಕಿದವರೇ ಹೆಚ್ಚು. ಸೋಮವಾರ ತರಗತಿ ಶುರು. ಅಷ್ಟರೊಳಗೆ ಇರಲು ಜಾಗ ಸಿಗದಿದ್ದರೆ ಸೀಟು ಹೋದಂತೆಯೇ.

ಅದೇ ಸಮಯಕ್ಕೆ ಹೈದರಾಬಾದಿನ ಒಂದು ಕನ್ನಡ ಸಂಘದಿಂದ ಫೋನು ಬಂದಿತ್ತು. ಸಮಾನತೆಯ ಸಮಾವೇಶ; ಬಣ್ಣ, ಜಾತಿ, ಹೆಣ್ಣು-ಗಂಡೆಂಬ ಭೇದದ ಬಗ್ಗೆ ಮಾತಾಡಲು ಅಂಗನವಾಡಿ ಶಿಕ್ಷಕಿಯಾದ ನನ್ನನ್ನು ಕರೆದಿದ್ದರು. ಅಧ್ಯಕ್ಷೆ ಸುಲೋಚನಾಬಾಯಿ ವಿಜಯಪುರದ ಕಡೆಯವರು. ಸಂಘ ನಡೆಸುವ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಜಾಗವಿದೆ, ಹುಡುಗಿಯನ್ನು ಸಾಮಾನು ಸಮೇತ ಕರೆತನ್ನಿ ಎಂದು ಅವರೇ ಹೇಳಿದ್ದರು. ಆ ಮಾತನ್ನು ನಂಬಿಯೇ ನಾವು ಟ್ರಂಕು ಹೊತ್ತು ಬಂದದ್ದು.

ಸಭಾಂಗಣದಲ್ಲಿ ಉಪ್ಪಿಟ್ಟು, ಚಹಾ ಕೊಟ್ಟರು. ಉಪ್ಪಿಟ್ಟು ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಕಾರ್ಯದರ್ಶಿ ಹತ್ತಿರ ಬಂದು ನಮ್ಮ ಡೋಲು ಎಲ್ಲಿ ಎಂದು ಕೇಳಿದರು. ಕುಣಿತವೂ ಇದೆಯೆಂದು ಎಲ್ಲರಿಗೂ ಹೇಳಿಬಿಟ್ಟಿದ್ದರಂತೆ. ನಾನು ಭಾಷಣಕ್ಕೆ ಬಂದವಳು, ನನಗೆ ಕುಣಿಯಲು ಬರುವುದಿಲ್ಲ ಎಂದೆ. ಅವರ ಮುಖ ಬಾಡಿತು. ವೇದಿಕೆಯ ಮೇಲೆ ನನ್ನ ಮಾತು ಅರ್ಧವಾಗುವಷ್ಟರಲ್ಲಿ ಚೀಟಿ ಬಂತು, ಬೇಗ ಮುಗಿಸಿ ಎಂದು. ಮುಗಿಸಿದೆ. ಶಾಲು ಹೊದಿಸಿದರು. ಸವಿತಾಳನ್ನು ಕರೆದು ನಟ್ಟನಡುವೆ ನಿಲ್ಲಿಸಿ ಫೋಟೋ ತೆಗೆಸಿಕೊಂಡರು.

ಊಟದ ನಂತರ ಹಾಸ್ಟೆಲಿಗೆ ಹೋದೆವು. ಸಭಾಂಗಣದ ಹಿಂದೆಯೇ ಇತ್ತು. ಬಾಗಿಲಿನಿಂದಲೇ ಕಿಟಕಿ ಪಕ್ಕದ ಒಂದು ಖಾಲಿ ಕಾಟು ಕಂಡಿತು. ಸವಿತಾ ಹಾಸಿಗೆಯ ಹಗ್ಗ ಬಿಚ್ಚತೊಡಗಿದಳು. ವಾರ್ಡನ್ ಸುಲೋಚನಾಬಾಯಿಯವರನ್ನು ಒಳಗೆ ಕರೆದರು. ಬಹಳ ಹೊತ್ತು ಪಿಸುಮಾತು ನಡೆಯಿತು.

ಹೊರಗೆ ಬಂದವರು ನನ್ನ ಕೈ ಹಿಡಿದುಕೊಂಡರು.

"ನನಗೇನೂ ಇಲ್ಲರಿ ಗಿರಿಜಾ. ಆದ್ರ ಉಳಿದ ಹುಡುಗ್ಯಾರ ತಾಯಿ-ತಂದಿ ಒಪ್ಪಂಗಿಲ್ಲ. ಹುಡುಗ್ಯಾರು ಅಂಜತಾರಂತ. ನಾಳೆ ಯಾರರ ಬಿಟ್ಟು ಹೋದ್ರ ಹಾಸ್ಟೆಲ್ ನಡಿಯೂದು ಹೆಂಗರಿ?"

ಅಂಜುತ್ತಾರಂತೆ! ಇರುವೆ ಕಂಡರೆ ದಾಟಿ ನಡೆಯುವ ನಮ್ಮ ಸವಿತಾಳಿಗೆ. ನನಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಅವರು ಒಳಗೆ ಹೇಳಿ ಮೊರ ತರಿಸಿದರು: ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಖಣ, ಎಲೆ ಅಡಿಕೆ. ಮನೆಗೆ ಬಂದ ಮುತ್ತೈದೆಯನ್ನು ಉಡಿ ತುಂಬದೆ ಕಳಿಸಬಾರದಲ್ಲ. ತವರಿಗೆ ಬಂದ ಮಗಳನ್ನು ಕಳಿಸುವುದೂ ಹಾಗೆಯೇ.

"ಸೆರಗು ಒಡ್ಡರಿ. ನೀವು ನಮ್ಮ ಮನಿ ಹೆಣ್ಮಗಳು."

"ಅಕ್ಕಿ ಬ್ಯಾಡರಿ ಬಾಯಾರ, ಆ ಕಾಟ್ ಕೊಡ್ರಿ," ಎಂದೆ.

"ಉಡಿ ಬ್ಯಾಡ ಅನಬಾರದರಿ," ಎಂದು ಅವರು ಕಣ್ಣೊರೆಸಿಕೊಂಡರು. ಆ ಕಣ್ಣೀರು ನಿಜವೇ ಇತ್ತು, ಅದೇ ನನಗೆ ಹೆಚ್ಚು ಸಿಟ್ಟು ತರಿಸಿದ್ದು. ಆದರೂ ನನ್ನ ಕೈ ತಾನಾಗಿ ಸೆರಗು ಒಡ್ಡಿತು. ಉಡಿ ಬೇಡವೆನ್ನುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಸವಿತಾ ಬಿಚ್ಚಿದ ಹಗ್ಗವನ್ನು ಮತ್ತೆ ಕಟ್ಟಿದಳು.

ಸಂಜೆಯವರೆಗೆ ಉಡಿಯ ಗಂಟು ಹಿಡಿದೇ ಬೀದಿ ಬೀದಿ ಸುತ್ತಿ ಕೋಣೆ ಕೇಳಿದೆವು. ಒಬ್ಬಾಕೆ ಪಾಸ್‌ಪೋರ್ಟ್ ತೋರಿಸಿ ಎಂದಳು. ಆಧಾರ್ ಕಾರ್ಡ್ ತೋರಿಸಿದರೆ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಕೋಣೆ ಹೋಗಿದೆ ಎಂದಳು. ಬಸ್ ನಿಲ್ದಾಣದಲ್ಲಿ ಸವಿತಾ ಟ್ರಂಕಿನ ಮೇಲೆ ಕುಳಿತು ಕೇಳಿದಳು:

"ಅತ್ತಿ, ಉಡಿ ತುಂಬೂದು ಮತ್ತ ಬರ್ರಿ ಅಂತ ಹೇಳಾಕ ಅಲ್ಲೇನು?"

ಬಸ್ಸು ಬಂತೇನೋ ನೋಡುತ್ತೇನೆಂದು ನಾನು ಎದ್ದು ಹೋದೆ.

ಮನೆಯಲ್ಲಿ ಅತ್ತಿಗೆ ಎಲ್ಲ ಕೇಳಿ ಉಡಿಯ ಗಂಟನ್ನು ಒಳಗೆ ಒಯ್ದಳು. ಉಡಿಯ ಅಕ್ಕಿಯನ್ನು ಚೆಲ್ಲುವಂತಿಲ್ಲ, ಮನೆಯವರೇ ಉಣ್ಣಬೇಕು. ಸೋಮವಾರ, ಕಾಲೇಜು ಶುರುವಾಗುವ ಹೊತ್ತಿಗೆ, ಅವಳು ಅದರಿಂದ ಪಾಯಸ ಮಾಡಿ ಬಡಿಸಿದಳು. ಸವಿತಾ ತಲೆ ಎತ್ತದೆ ತಟ್ಟೆ ಖಾಲಿ ಮಾಡಿದಳು.